ತಂಬೂರಾ ಕೂಟದ ಬಾಬಾಗೆ ನಾನು ಹೇಳಿದ ಸುಳ್ಳು

ಹಮೀದ್, ತಂಬೂರಾ ಕೂಟದಿಂದ ನಿನ್ನನ್ನು ಹೊರಗೆ ಹಾಕಿಸಿದವನು ನಾನು. ನಿನ್ನ ಸ್ವಂತ ಕಾಕ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಗಲ್ಫಿನ ಮತ್ರಾ ಪೇಟೆಯ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ. ಊರಿಂದ ಬಂದ ನಿನಗೆ ನಿದ್ದೆಯೇ ಇರಲಿಲ್ಲ. ಸೂಜಿಗೆ ನೂಲು ಪೋಣಿಸುವಾಗ ಕೈ ನಡುಗುತ್ತಿತ್ತು. ತಂಬೂರಾ ಕೂಟದ ಹಿರಿಯ ಬಾಬಾ ಸಾಲೇಹ್ ನಿನ್ನನ್ನು ಅಲ್ಲಿಗೆ ಕರೆದೊಯ್ದರು — ಆಫ್ರಿಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಆ ಕೂಟದವರು. ಕಾಯಿಲೆಯವರನ್ನು ನಡುವೆ ಕೂರಿಸಿ, ತಂಬೂರಾ ಮೀಟಿ, ಡೋಲು ಬಡಿದು ಹಾಡುವವರು. ಆಮೇಲೆ ನೀನು ಮಲಗಲು ಕಲಿತೆ. ಕೈನಡುಕ ನಿಂತಿತು. ನಿನ್ನನ್ನು ತಮ್ಮವನಾಗಿ ಸೇರಿಸಿಕೊಳ್ಳುತ್ತೇವೆ ಎಂದೂ ಹೇಳಿದರು. ಕುಣಿತದ ಸೊಂಟಪಟ್ಟಿಗೆ ಗಲಗಲಿಸುವ ಆಡಿನ ಗೊರಸುಗಳನ್ನು ನೀನು ನನ್ನ ಅಂಗಡಿಯಲ್ಲೇ ಕೂತು ಹೊಲಿದೆ.

ಒಳಗೆ ಏನು ನಡೆಯುತ್ತದೆ ಎಂದು ಎಷ್ಟು ಕೇಳಿದರೂ — "ಅದು ಹೇಳ್ಲಿಕ್ಕಿಲ್ಲ ಕಾಕ." ನನ್ನಿಂದ ಏನನ್ನೂ ಮುಚ್ಚಿಡದಿದ್ದ ನೀನು! ಅದರ ಮೇಲೆ ಚಹಾದಂಗಡಿಯ ಅದ್ದು ಎಲ್ಲರೆದುರು ನಗಾಡಿದ: "ಎಂತ ಮಾರಾಯ, ನಿನ್ನ ಹುಡುಗ ಗೊರಸು ಕಟ್ಟಿ ಕುಣೀತಾನಂತೆ! ಇನ್ನು ಹುಲ್ಲೂ ತರ್ಬೇಕಾ?"

ಯಾರನ್ನಾದರೂ ಸೇರಿಸಿಕೊಳ್ಳುವ ಮುಂಚೆ ಅವನ ಮನೆಯವರನ್ನು ವಿಚಾರಿಸುವುದು ಆ ಕೂಟದ ಪದ್ಧತಿ. ಬಾಬಾ ಅಂಗಡಿಗೆ ಬಂದು, ತಮ್ಮ ಹರಕು ಹಿಂದಿಯಲ್ಲಿ, ಒಂದೇ ಮಾತು ಕೇಳಿದರು: ನಮ್ಮ ಒಳಗಿನ ವಿಷಯ ಹಮೀದ್ ನಿನಗೆ ಹೇಳಿದ್ದಾನಾ?

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಿಜವೂ ಅದೇ — ಆ ನಿಜವೇ ನನ್ನನ್ನು ಉರಿಸುತ್ತಿತ್ತು.

"ಸಬ್ ಬತಾಯಾ," ಎಂದೆ. ಎಲ್ಲ ಹೇಳಿದ್ದಾನೆ.

"ಖಲಾಸ್," ಎಂದು ಅವರು ಎದ್ದು ಹೋದರು.

ಬಾಯಿ ಬಿಟ್ಟವನಿಗೆ ಇಲ್ಲಿ ಜಾಗವಿಲ್ಲ ಎಂದು ಅವರು ಅಂದರಂತೆ. ನೀನು ನನ್ನ ಹತ್ತಿರವೇ ಓಡಿ ಬಂದೆ. "ಕಾಕ, ನಾನು ನಿದ್ದೆಯಲ್ಲಿ ಎಂತಾದ್ರೂ ಬಡಬಡಿಸಿದ್ದೇನಾ?"

ಆಗಲಾದರೂ ನಿಜ ಹೇಳಿದೆನೇ — ಇಲ್ಲ. "ಹೇಳಿರ್ಬಹುದು," ಎಂದೆ. ತಲೆ ಎತ್ತದೆ ಮಿಷನ್ ತುಳಿಯುತ್ತಲೇ ಇದ್ದೆ.

ಅಂದಿನಿಂದ ಮಲಗುವುದಕ್ಕೇ ಹೆದರಿದೆ ನೀನು. ಆ ವರ್ಷವೇ ಊರಿಗೆ ಮರಳಿದೆ. ಮದುವೆಯಾದ ಮೇಲೂ ಹೊರಗಿನ ಚಾವಡಿಯಲ್ಲಿ ಒಬ್ಬನೇ ಮಲಗುತ್ತೀಯಂತೆ, ಯಾರ ಕಿವಿಗೂ ಏನೂ ಬೀಳಬಾರದೆಂದು.

ನಾಲ್ಕಾರು ವರ್ಷ ಕಳೆದು ನಿಜ ಹೇಳಲು ಹೋದರೆ ಬಾಬಾ ತೀರಿಹೋಗಿದ್ದರು. ಅವರ ಮಗ ಬಾಗಿಲಲ್ಲೇ ನಿಂತು ಕೇಳಿದ: "ಅಂದು ಸುಳ್ಳು ಹೇಳಿದವನು ಇಂದು ನಿಜ ಹೇಳ್ತಾನೆ ಅಂತ ನಾನು ಹೇಗೆ ನಂಬುವುದು?" ನನ್ನ ಮೇಲೇ ಸಿಟ್ಟು ಬಂದು ಗೋಡೆಗೆ ಕೈ ಗುದ್ದಿಕೊಂಡೆ — ಅದರಿಂದ ನಿನಗೇನಾಯಿತು?

ಎಷ್ಟು ಸಲ ಫೋನು ಎತ್ತಿದೆನೋ. "ಕಾಕ, ಆರೋಗ್ಯ ಹೇಗುಂಟು?" ಎಂದು ನೀನೇ ಮೊದಲು ಕೇಳಿಬಿಡುತ್ತೀ, ನಾನು ಬೇರೆ ಏನೋ ಮಾತಾಡಿ ಇಡುತ್ತೇನೆ. ಈ ರಜೆಯಲ್ಲಿ ಬಂದು ನಿನ್ನ ಹೆಂಡತಿಯ ಎದುರಿಗೇ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಮನೆಯಿಂದ ಹೊರಗೆ ಕಳಿಸಿದರೂ ಸರಿ.

ನೀನು ನಿದ್ದೆಯಲ್ಲೂ ಒಂದು ಮಾತು ಆಡಿದವನಲ್ಲ, ಹಮೀದ್.