ಪದ್ಮಿನಿಯ ಸಂಜೆ ಸ್ನಾನ

ಕಚೇರಿಯಿಂದ ಬಂದ ಮೊಮ್ಮಗಳು ಚಪ್ಪಲಿ ಬಿಟ್ಟವಳೇ ಬಚ್ಚಲುಮನೆ ಹೊಕ್ಕಿದ್ದಾಳೆ. ಅಲ್ಲಿಂದ ತೇಲಿಬಂದ ಸೀಗೆಯ ಪರಿಮಳಕ್ಕೆ ನನ್ನ ಕೈಯ ಜಪಸರ ನಿಂತು ಎಣಿಕೆ ತಪ್ಪಿತು. ದೇವರು ಕ್ಷಮಿಸಬೇಕು, ನೀವೂ ಕ್ಷಮಿಸಬೇಕು, ಏಕೆಂದರೆ ಹೇಳಹೊರಟಿರುವುದು ನನ್ನದೇ ತಪ್ಪಿನ ಕಥೆ.

ಎಪ್ಪತ್ತರ ದಶಕದ ಕೊನೆ. ನನ್ನ ನಾದಿನಿ ಪದ್ಮಿನಿ ಜಯನಗರದ ನಮ್ಮ ಮನೆಯಲ್ಲಿದ್ದುಕೊಂಡು ಕಚೇರಿಯೊಂದರ ಬೆರಳಚ್ಚಿನ ಕೆಲಸಕ್ಕೆ ಹೋಗುತ್ತಿದ್ದಳು. ನಾನೋ, ಒಗೆದು ಹರವಿದ ಸೀರೆಯ ಮೇಲೆ ಕಾಗೆಯ ನೆರಳು ಬಿದ್ದರೂ ಮತ್ತೆ ಒಗೆಯುವ ಮಡಿಯವಳು. ಆ ವರ್ಷ ಪದ್ಮಿನಿ ಸಂಜೆ ಬಂದೊಡನೆ ತಲೆಗೆ ನೀರು ಹಾಕಿಕೊಳ್ಳತೊಡಗಿದಳು. ಮಲ್ಲಿಗೆ ಮುಡಿಯುವುದನ್ನು ಬಿಟ್ಟಳು. ಗೋಡೆಗೆ ಬೆನ್ನು ಕೊಟ್ಟೇ ಊಟಕ್ಕೆ ಕೂರುವಳು. ಹಿಂದಿನಿಂದ ಯಾರಾದರೂ ಕರೆದರೆ ಕೈಯಲ್ಲಿನ ಲೋಟ ಬೀಳುವುದು. ನಾನು ವೈರಾಗ್ಯವೆಂದುಕೊಂಡು ಹಿಗ್ಗಿದೆ.

ಒಂದು ಶುಕ್ರವಾರ ಅರಿಸಿನ ಕುಂಕುಮಕ್ಕೆ ಬಂದವರ ಮುಂದೆ, “ನಮ್ಮ ಪದ್ಮಿನಿ ಮಡಿ ನೋಡಿ ನಾನೇ ಕಲೀಬೇಕು ಕಣ್ರೀ,” ಎಂದೆ.

“ಸನ್ಯಾಸಿನಿಗೆ ಯಾವ ಗಂಡು ಹುಡುಕ್ತೀರಿ ಹಾಗಾದ್ರೆ?” ಎಂದು ಪಕ್ಕದ ಮನೆಯಾಕೆ ನಕ್ಕರು. ಪದ್ಮಿನಿ ಎದ್ದು ಒಳಗೆ ಹೋದಳು.

ಎಲ್ಲರೂ ಹೊರಟ ಮೇಲೆ ಬಂದು ಹೇಳಿದಳು: “ಅತ್ತಿಗೆ, ಅದು ಮಡಿ ಅಲ್ಲ. ಟೈಪ್ ಮಾಡ್ತಾ ಕೂತಿದ್ರೆ ನಮ್ಮ ಸೂಪರಿಂಟೆಂಡೆಂಟು ಹಿಂದಿಂದ ಬಂದು ಕತ್ತಿನ ಮೇಲೆ ಕೈಯಿಡ್ತಾನೆ. ಹೂವು ಚೆನ್ನಾಗಿದೆ ಅಂತಾನೆ. ಎಷ್ಟು ನೀರು ಹಾಕ್ಕೊಂಡ್ರೂ ಆ ಕೈ ಹೋಗಲ್ಲ.”

“ಕೆಲಸ ಬಿಟ್ಬಿಡಮ್ಮ,” ಎಂದೆ. ಅದು ಎರಡನೆಯ ತಪ್ಪು.

“ನಾನ್ಯಾಕೆ ಬಿಡ್ಲಿ?”

ಮರುದಿನ ಅದೇ ಕುರ್ಚಿಯಲ್ಲಿ ಕುಳಿತು, ಅದೇ ಯಂತ್ರದಲ್ಲಿ ದೂರು ಬೆರಳಚ್ಚಿಸಿ ಮೇಲಧಿಕಾರಿಗೆ ಕೊಟ್ಟಳು. ಅವನನ್ನು ಬೇರೆ ವಿಭಾಗಕ್ಕೆ ಹಾಕಿದರು, ಅಷ್ಟೇ. ಪಿಸುಮಾತು ಇವಳ ಪಾಲಿಗೆ ಉಳಿಯಿತು. ಆದರೂ ಒಂದು ದಿನವೂ ತಪ್ಪಿಸದೆ ಹೋಗಿ ಬಂದಳು. ನನಗಿಂತ ಕಿರಿಯಳಾದ ಅವಳಿಗೆ ದಿನವೂ ಮನಸ್ಸಿನಲ್ಲೇ ಕೈಮುಗಿದೆ. ಸ್ನಾನ ಮಾತ್ರ ನಿಲ್ಲಲಿಲ್ಲ. ಆ ಕೈ ದೂರವಾದ ಮೇಲೂ ಮೈ ಅದನ್ನು ಮರೆಯುವುದಿಲ್ಲವೆಂಬುದನ್ನು ನಾನು ಓದಿದ ವೇದಾಂತ ನನಗೆ ತಿಳಿಸಿರಲಿಲ್ಲ.

ಎರಡು ವರ್ಷಗಳ ನಂತರ ಒಂದು ಸಂಜೆ ದೀಪ ಹಚ್ಚುತ್ತಿದ್ದೆ. ಬಸ್ಸಿನ ಧೂಳು ಹೊತ್ತ ಸೀರೆಯಲ್ಲೇ ಪದ್ಮಿನಿ ದೇವರ ಮನೆಯ ಹೊಸ್ತಿಲ ಬಳಿ ನಿಂತಿದ್ದಳು.

“ಅತ್ತಿಗೆ, ಇವತ್ತು ಸ್ನಾನ ಬೇಕು ಅನ್ನಿಸ್ತಿಲ್ಲ. ಹೀಗೇ ಒಳಗೆ ಬರ್ಲಾ?”

“ಬಾ,” ಎಂದೆ. ನನ್ನ ಮಡಿಸೀರೆಗೆ ತಾಗಿಕೊಂಡೇ ಕುಳಿತಳು. ಆ ಸಂಜೆ ನನಗೆ ಮತ್ತೆ ಮೀಯಬೇಕೆನಿಸಲಿಲ್ಲ.

ಈಗ ಬಚ್ಚಲ ಬಾಗಿಲು ತೆರೆಯಿತು. ನಾಲಿಗೆಯ ತುದಿಗೆ ಬಂದ ಹೊಗಳಿಕೆಯನ್ನು ನುಂಗಿಕೊಂಡು, “ಆಫೀಸಲ್ಲಿ ಎಲ್ಲಾ ಸರಿಯಿದೆಯೇನಮ್ಮ?” ಎಂದೆ.

“ಬಸ್ಸಲ್ಲಿ ಸೆಕೆ ಅಜ್ಜಿ, ಅಷ್ಟೇ.”

ಜಪವನ್ನು ಮೊದಲಿನಿಂದ ಆರಂಭಿಸುವ ಮುನ್ನ ಅವಳ ಮುಖವನ್ನು ಇನ್ನೊಮ್ಮೆ ನೋಡಿದೆ.