ಅವಳಿಗೆ ಉಡಿ ತುಂಬಿದ ದಿನ

ಸಿಟ್ಟು ಬಂದರೆ ನಾನು ಕೂಗಾಡುವವಳಲ್ಲ, ಮಾತು ಬಿಡುವವಳು. ನಮ್ಮ ಮನೆಯವರೆಲ್ಲ ಇದನ್ನು ಅನುಭವಿಸಿದ್ದಾರೆ. ಆದರೆ ಹೊಸಪೇಟೆಯಲ್ಲಿ ಮೂರು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿಯ ಮೇಲೆ, ಅದೂ ಅವಳು ಹೊರಟುನಿಂತ ಹೊತ್ತಿನಲ್ಲಿ, ಈ ವಿದ್ಯೆ ಪ್ರಯೋಗಿಸಿದ್ದಕ್ಕೆ ನನಗಿನ್ನೂ ನಾಚಿಕೆಯಾಗುತ್ತದೆ.

ಅವಳು ಕಂಪ್ಲಿಯವಳು, ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಫೋಟೊ ಸ್ಟುಡಿಯೊದಲ್ಲಿ ಕೂತು ಕಂಡವರ ಮದುವೆ ಆಲ್ಬಂ ಜೋಡಿಸುವವಳು. ಇಬ್ಬರ ಸಂಬಳವೂ ಅಷ್ಟಕ್ಕಷ್ಟೆ, ಮೋಜಿಗೇನೂ ಕಮ್ಮಿಯಿರಲಿಲ್ಲ. ಸಂಜೆ ಬಿಡುವಾದರೆ ಡ್ಯಾಮಿನ ಉದ್ಯಾನ, ಭಾನುವಾರ ಬಂದರೆ ಸ್ಟುಡಿಯೊದ ಇನ್ನಿಬ್ಬರು ಗೆಳತಿಯರನ್ನು ಕಟ್ಟಿಕೊಂಡು ಹಂಪಿಯ ಬಸ್ಸು. ಪರದೇಶದವರು ಕಲ್ಲು ನೋಡಲು ಬರುತ್ತಿದ್ದರು, ನಾವು ಕಲ್ಲಿನ ಮೇಲೆ ಕೂತು ಹರಟೆ ಹೊಡೆಯಲು ಹೋಗುತ್ತಿದ್ದೆವು. ಅವಳು ಗೈಡಿನ ಗತ್ತಿನಲ್ಲಿ, "ಇಲ್ಲಿ ನೋಡ್ರಿ, ರಾಣಿಯವರು ಕುಂತು ಮಿರ್ಚಿ ತಿಂದ ಜಾಗ ಇದು" ಎಂದು ನಮಗೆ ವಿವರಿಸುತ್ತಿದ್ದಳು. ಒಮ್ಮೆ ಪಕ್ಕದಲ್ಲಿದ್ದ ಯಜಮಾನರೊಬ್ಬರು ನಿಜವೆಂದೇ ನಂಬಿ ಆ ಕಲ್ಲಿನ ಫೋಟೊ ಹೊಡೆದುಕೊಂಡರು.

ಅಂಥದೇ ಒಂದು ಭಾನುವಾರ ಹಂಪಿಯಿಂದ ಮರಳಿ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತಿದ್ದೆವು. ಗೆಳತಿಯರಲ್ಲೊಬ್ಬಳು ಅವಳಿಗೆ, "ಸಂಡೂರಿಗೆ ಹೋದಮ್ಯಾಲೆ ನಮ್ಮನ್ನ ಮರೀಬ್ಯಾಡಲೇ" ಅಂದಳು. ಸಂಡೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅವಳಿಗೆ ಕಾಯಂ ಕೆಲಸ ಸಿಕ್ಕಿತ್ತಂತೆ. ಅವರಿಬ್ಬರಿಗೂ ಗೊತ್ತಿತ್ತು. ಒಂದೇ ಕೋಣೆಯಲ್ಲಿ ಮಲಗುವ ನನಗೆ ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಕೈ ತೊಳೆಯಲು ಎದ್ದೆ.

ಆಮೇಲೆ ಎಂಟು ದಿನ ಮಾತಾಡಲಿಲ್ಲ. ಚಹಾ ನನಗೊಬ್ಬಳಿಗೇ ಮಾಡಿಕೊಂಡೆ. ಅವಳು ಏನಾದರೂ ಹೇಳಲು ಬಂದಾಗಲೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ, ಅದರಲ್ಲಿ ಹಾಡೂ ಇರುತ್ತಿರಲಿಲ್ಲ. "ಸಂಡೂರೇನು ದಿಲ್ಲಿಯಾ? ಬಸ್ ಹತ್ತಿದ್ರ ತಾಸಿನ ದಾರಿ" ಎಂದು ಗೆಳತಿಯರು ನಗಾಡಿದರು. ತಾಸಿನ ದಾರಿಗೆ ಅಳುವುದು ಹೇಗೆ? ಅಳಲಾಗದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. ಒಳಗೊಳಗೇ ಹೆದರಿಕೆಯೂ ಇತ್ತು. ಇವಳು ಹೀಗೇ ಹೊರಟುಹೋದರೆ ನಾವು ಮತ್ತೆ ಮೊದಲಿನಂತೆ ಮಾತಾಡುವುದು ಯಾವಾಗ?

ಹೊರಡುವ ದಿನ ಬೆಳಿಗ್ಗೆ ಕೆಳಗಿನ ಮನೆಯ ಒಡತಿ, ನಾವು ಅಮ್ಮ ಎನ್ನುತ್ತಿದ್ದವರು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದರು. ಕೈಯಲ್ಲಿದ್ದ ತಟ್ಟೆಯಲ್ಲಿ ರವಿಕೆಯ ಬಟ್ಟೆ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು, ಕುಂಕುಮ.

"ಮನಿ ಬಿಟ್ಟು ಹೋಗೋ ಹೆಣ್ಮಗಳನ್ನ ಉಡಿ ತುಂಬದ ಕಳಸಬಾರ್ದು" ಎಂದರು.

"ನನಗಿನ್ನಾ ಮದುವಿ ಆಗಿಲ್ಲಲ್ಲಮ್ಮ" ಎಂದು ಅವಳು ನಾಚಿದಳು.

"ಮಗಳು ಹೌದಿಲ್ಲೋ? ಅಷ್ಟು ಸಾಕು." ಅಮ್ಮ ನನ್ನ ಕಡೆ ತಿರುಗಿದರು. "ನನಗ ಬಗ್ಗಾಕ ಆಗಂಗಿಲ್ಲವ್ವ, ನೀನ ತುಂಬು. ನಿಮ್ಮ ಡಬ್ಬ್ಯಾಗ ಅಕ್ಕಿ ಐತಲ್ಲ, ತಗಂಡು ಬಾ."

ನಮ್ಮ ಜಗಳ ಅವರಿಗೆ ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಅವಳು ಮಣೆಯ ಮೇಲೆ ಕೂತು ಮಡಿಲಲ್ಲಿ ವೇಲು ಹರಡಿದಳು. ನಾನು ಎದುರು ಕುಕ್ಕರಿಸಿದೆ. ಕುಂಕುಮ ಹಚ್ಚಲು ಮುಖ ನೋಡಲೇಬೇಕಲ್ಲ, ನೋಡಿದೆ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಮೊದಲ ಹಿಡಿ ಅಕ್ಕಿ ಹಾಕಿದೆ.

"ಇದು ನಮ್ಮ ಕಂಪ್ಲಿ ಅಕ್ಕಿ" ಅಂದಳು ಮೆಲ್ಲಗೆ. "ಹೋದ ತಿಂಗಳು ಊರಿಂದ ನಾನ ಹೊತ್ಕೊಂಡು ಬಂದಿದ್ದು. ನಂದ ನನಗ ತುಂಬಾಕತ್ತೀಯಲ್ಲಲೇ."

ಅಮ್ಮ ಜೋರಾಗಿ ನಕ್ಕರು. ನನಗೂ ತಡೆಯಲಾಗಲಿಲ್ಲ. ನಗು ಬಂದದ್ದೇ ತಡ, ಅದರ ಹಿಂದೆಯೇ ಅಳುವೂ ಬಂತು. ಐದು ಹಿಡಿ ಹಾಕಬೇಕಿತ್ತು. ಎಷ್ಟಾಯಿತೆಂದು ತಿಳಿಯದೆ ಹಾಕುತ್ತಲೇ ಇದ್ದೆ. ಕೊನೆಗೆ ಅಮ್ಮನೇ "ಸಾಕವ್ವ, ಹೊತ್ಕೊಂಡು ಹೋಗಾಕಿ ಅಕಿ" ಎನ್ನಬೇಕಾಯಿತು.

ಅಮ್ಮ ಕೆಳಗಿಳಿದು ಹೋದ ಮೇಲೆ ಕೇಳಿಯೇಬಿಟ್ಟೆ. "ನನಗ್ಯಾಕ ಮೊದ್ಲು ಹೇಳ್ಲಿಲ್ಲ?"

ಅವಳು ಅಕ್ಕಿಯನ್ನು ಗಂಟು ಕಟ್ಟುತ್ತ ಹೇಳಿದಳು, "ಎರಡು ವರ್ಷದ ಹಿಂದ ಕುರೆಕುಪ್ಪದ ಕಡೆ ಆಸ್ಪತ್ರ್ಯಾಗ ಕೆಲಸ ಸಿಕ್ಕಿತ್ತು, ನೆನಪೈತಾ? ನೀನು ಬ್ಯಾಡ ಅಂದಿ. ನಾನು ಬಿಟ್ಟೆ."

ನೆನಪಿತ್ತು. "ಹೋಗಬ್ಯಾಡಲೇ, ಸಂಡೇ ಹಂಪಿಗೆ ಯಾರ ಜೊತಿ ಹೋಗ್ಲಿ ನಾನು" ಅಂದಿದ್ದೆ, ಅರ್ಧ ತಮಾಷೆಗೆ. ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ಕೆಲಸ ಅವಳಿಗೇ ಹಿಡಿಸಲಿಲ್ಲವೇನೋ ಎಂದುಕೊಂಡು ನಾನು ಆರಾಮವಾಗಿ ಮರೆತಿದ್ದೆ.

"ಈ ಸಲನೂ ನಿನಗ ಮೊದ್ಲು ಹೇಳಿದ್ರ ನೀನು ಬ್ಯಾಡ ಅಂತಿದ್ದಿ" ಅಂದಳು. "ನಾನು ಹೋಗ್ತಿದ್ದಿಲ್ಲ."

ಇಲ್ಲ, ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಹೊರಟೆ. ಅದು ಸುಳ್ಳಾಗುತ್ತಿತ್ತು. ಅಷ್ಟರಲ್ಲಿ ಕೆಳಗೆ ಆಟೊ ಬಂದು ಹಾರ್ನ್ ಹೊಡೆಯತೊಡಗಿತು. ಕೈಚೀಲ, ಅಕ್ಕಿಗಂಟು ಅವಳು ತೆಗೆದುಕೊಂಡಳು, ಸೂಟ್‌ಕೇಸ್ ನಾನು. ಅವಳು ಆಟೊದಲ್ಲಿ ಕೂತ ಮೇಲೂ ನಾನು ಸೂಟ್‌ಕೇಸ್ ಹಿಡಿದುಕೊಂಡೇ ನಿಂತಿದ್ದೆ.

"ಕೊಡಲೇ" ಅಂದಳು.

"ಅಂತಿದ್ದೆ" ಅಂದೆ ನಾನು. "ಬ್ಯಾಡ ಅಂತಾನ ಅಂತಿದ್ದೆ. ಈಗಲೂ ಅನ್ನಬೇಕು ಅನಸ್ತೈತಿ. ನನ್ನ ಮಾತು ಕೇಳಬ್ಯಾಡ, ಹೋಗು."

ಸೂಟ್‌ಕೇಸನ್ನು ಅವಳ ಕಾಲ ಬಳಿ ತಳ್ಳಿ ಆಟೊದವರಿಗೆ ನಾನೇ ಹೇಳಿದೆ, "ಜಲ್ದಿ ಹೊಡೀರಿ. ಸಂಡೂರು ಬಸ್ ತಪ್ಪಸಬ್ಯಾಡ್ರಿ."