ಒಂದೂಮುಕ್ಕಾಲು ಗಂಟೆಯ ದಾರಿ

ಲಂಡನ್ನಿನಲ್ಲಿದ್ದ ನಮ್ಮಣ್ಣ ಫೋನ್ ಮಾಡಿದಾಗಲೆಲ್ಲ ನನ್ನನ್ನು ಛೇಡಿಸುತ್ತಿದ್ದ. "ನೀನು ಭೂಮಿಯ ತುದಿಗೆ ಹೋಗಿ ಕೂತಿದ್ದೀಯ. ಅಕ್ಕ ನೋಡು, ಪಕ್ಕದ ಬೀದೀಲಿದ್ದ ಹಾಗೆ. ಎಂಟುನೂರು ಕಿಲೋಮೀಟರೂ ಇಲ್ಲ. ವಿಮಾನದಲ್ಲಿ ಒಂದೂಮುಕ್ಕಾಲು ಗಂಟೆ." ಅಕ್ಕ ಇದ್ದದ್ದು ಜ್ಯೂರಿಕ್‌ನಲ್ಲಿ, ನಾನು ನ್ಯೂಜಿಲೆಂಡಿನ ಟೌರಂಗಾದಲ್ಲಿ. ಅವನ ಆ ಮಾತು ನನಗೆ ಸಮಾಧಾನವನ್ನೇ ಕೊಡುತ್ತಿತ್ತು. ಅಪ್ಪ ಅಮ್ಮ ಹೋದಮೇಲೆ ಅಕ್ಕನಿಗೆ ತವರು ಅಂದರೆ ಅವನೇ. ಏನಾದರೂ ಆದರೆ ಓಡಿ ಹೋಗುತ್ತಾನೆ ಅಂದುಕೊಂಡಿದ್ದೆ.

ಆಯಿತು. ಅಕ್ಕನಿಗೆ ಕ್ಯಾನ್ಸರ್. ಭಾವ ಆಫೀಸಿಗೆ ಹೋದರೆ ಸಂಜೆಯವರೆಗೂ ಮನೆಯಲ್ಲಿ ಅವಳೊಬ್ಬಳೇ. ಆಪರೇಷನ್ನಿಗೆ ಅಣ್ಣ ಹೋಗಲಿಲ್ಲ, ರಜೆ ಇಲ್ಲವಂತೆ. ಕೀಮೋ ಶುರುವಾದಾಗಲೂ ಹೋಗಲಿಲ್ಲ, ವೀಸಾ ತಾಪತ್ರಯವಂತೆ. ಬ್ರಿಟಿಷ್ ಪಾಸ್‌ಪೋರ್ಟ್ ಬಂತೆಂದು ಹಿಂದಿನ ವರ್ಷವೇ ಫೋನಿನಲ್ಲಿ ಕುಣಿದಾಡಿದ್ದವನಿಗೆ ಯಾವ ವೀಸಾ? ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕೆಲಸ ಮಾಡುವ ಪ್ಯಾಕ್‌ಹೌಸ್‌ನಲ್ಲಿ ಪೆಟ್ಟಿಗೆ ತುಂಬಲು ಕೀವಿ ಹಣ್ಣು ಆರಿಸುತ್ತ ನಿಂತಲ್ಲೇ ಅವನಿಗೆ ಸಹಸ್ರನಾಮ ಮಾಡುತ್ತಿದ್ದೆ. ಪಕ್ಕದಲ್ಲಿ ನಿಲ್ಲುತ್ತಿದ್ದವಳಿಗೆ ಕನ್ನಡ ಬರುತ್ತಿರಲಿಲ್ಲ, ಪುಣ್ಯವಂತೆ.

ಅಕ್ಕನದು ಮಾತ್ರ ಒಂದೇ ಪಲ್ಲವಿ. "ಗೌರಿ ಹಬ್ಬಕ್ಕೆ ಬಂದೇ ಬರ್ತಾನೆ ಕಣೇ. ತವರಿನ ಬಾಗಿನ ಕೊಡಬೇಕಲ್ಲ."

ಹಬ್ಬ ಹತ್ತಿರವಾದಾಗ ಅಣ್ಣನನ್ನು ನೇರವಾಗಿಯೇ ಕೇಳಿದೆ.

"ಬಾಗಿನ ತಾನೆ? ಅಕೌಂಟಿಗೆ ದುಡ್ಡು ಹಾಕ್ತೀನಿ ಬಿಡು. ಅವಳೇ ಏನಾದ್ರೂ ತಗೊಳ್ಳಲಿ" ಅಂದ.

ಫೋನ್ ಕುಕ್ಕಿದೆ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಟೀವಿಯಿಂದ ಕಣ್ಣು ತೆಗೆಯದೆ ಕೇಳಿದಳು, "ವೈ ಡಸಂಟ್ ಹೀ ಜಸ್ಟ್ ಗೋ, ಅಮ್ಮಾ?" ಮನಸ್ಸಿದ್ದರೆ ಮಾರ್ಗ ಅಂತ ಅವಳಿಗೆ ಹೇಳಿ ಏನು ಪ್ರಯೋಜನ, ಕೇಳಿಸಿಕೊಳ್ಳಬೇಕಾದವನು ಲಂಡನ್ನಿನಲ್ಲಿದ್ದ.

ಮಾರನೇ ದಿನವೇ ಟಿಕೆಟ್ ತೆಗೆದೆ. ಆಕ್ಲೆಂಡಿನ ಇಂಡಿಯನ್ ಅಂಗಡಿಯಲ್ಲಿ ಬಾಗಿನದ ಮೊರ ಸಿಗಲಿಲ್ಲ. ಹಸಿರು ಗಾಜಿನ ಬಳೆ, ಅರಿಶಿನ ಕುಂಕುಮ, ರವಿಕೆ ಕಣ ಸಿಕ್ಕವು. ಬಳೆಗಳನ್ನು ಸ್ವೆಟರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಸಿಂಗಪುರದ ಮೇಲೆ ಹಾರಿ, ಕಾಲು ಊದಿಸಿಕೊಂಡು ಜ್ಯೂರಿಕ್ ಮುಟ್ಟಿದೆ. ಬಾಗಿಲು ತೆಗೆದ ಅಕ್ಕ ನನ್ನನ್ನು ತಬ್ಬಿಕೊಂಡಳು. ಆಮೇಲೆ ನನ್ನ ಭುಜದಾಚೆ ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಹಬ್ಬದ ಬೆಳಿಗ್ಗೆ ಎಲ್ಲವನ್ನೂ ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದೆ. "ಅಣ್ಣ ಕಳಿಸಿದ್ದಾನೆ" ಅಂದೆ. ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ.

ಅಕ್ಕ ಬಳೆಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಕೊಂಕಣ ಸುತ್ತಿ ಮೈಲಾರಕ್ಕೆ ಬಂದವೇನೇ? ಲಂಡನ್ನಿಂದ ಇಲ್ಲಿಗೆ, ನ್ಯೂಜಿಲೆಂಡ್ ಮೇಲೆ?" ಅಂತ ನಕ್ಕಳು.

ನನಗೆ ನಗು ಬರಲಿಲ್ಲ. ಅಷ್ಟು ದಿನ ನುಂಗಿಕೊಂಡಿದ್ದೆಲ್ಲ ಹೊರಗೆ ಬಂತು. ಹಬ್ಬದ ದಿನ ಅನ್ನುವುದನ್ನೂ ನೋಡದೆ ಅಣ್ಣನನ್ನು ಬಾಯಿಗೆ ಬಂದ ಹಾಗೆ ಬೈದೆ.

ಅಕ್ಕ ಬಳೆ ತೊಡಿಸು ಅಂತ ಕೈ ಚಾಚಿದಳು. ಸೋಪು ಹಚ್ಚುವ ಅಗತ್ಯವೇ ಬೀಳಲಿಲ್ಲ, ಬಳೆಗಳು ಮೊಣಕೈವರೆಗೂ ಜಾರಿಹೋದವು.

"ಬೈಬೇಡ ಕಣೇ" ಅಂದಳು. "ಪಾಪ, ಅವನಿಗೆ ದೂರ ಆಗುತ್ತೆ."